ಚಂದ್ರಂಪಳ್ಳಿಯ ಬೋಟು, ಎತ್ತಿಪೋತದ ನೀರು

ಶ್ರಾವಣದಲ್ಲಿ ನಾಲ್ಕು ದಿನ ಬಿಡದೆ ಮಳೆ ಹೊಡೆಯಿತೆಂದರೆ ಕಲಬುರಗಿಯಲ್ಲಿ ಟೆಂಪೊ ಟ್ರಾವೆಲರ್ ಸಿಗುವುದು ಕಷ್ಟ. ಅದು ಮದುವೆಯ ಹಂಗಾಮಲ್ಲ, ಶರಣಬಸವೇಶ್ವರರ ಜಾತ್ರೆ ಮುಗಿದು ತಿಂಗಳುಗಳೇ ಆಗಿರುತ್ತವೆ. ಆದರೂ ಗಾಡಿಗಳೆಲ್ಲ ಬುಕ್. ಕಾರಣ, ವಾಟ್ಸಾಪಿನಲ್ಲಿ ಓಡಾಡುವ ಒಂದು ಬಣ್ಣದ ಜಾಹೀರಾತು: ಮುಂಜಾನೆ ಆರಕ್ಕೆ ಹೊರಡುವುದು, ಚಂದ್ರಂಪಳ್ಳಿ ಡ್ಯಾಮಿನಲ್ಲಿ ಬೋಟಿಂಗ್, ಎತ್ತಿಪೋತದಲ್ಲಿ ಜಲಪಾತ, ನಡುವೆ ಊಟ, ಉದ್ದಕ್ಕೂ ಗೈಡ್, ರಾತ್ರಿ ಒಂಬತ್ತರೊಳಗೆ ಮನೆ. ಮೇಲೆ ಅಚ್ಚಾದ ಜಲಪಾತ ಯಾವ ದೇಶದ್ದೋ ತಿಳಿಯದು, ಅದರ ಪಕ್ಕದಲ್ಲಿ ತೆಂಗಿನ ಮರಗಳು ಬಾಗಿ ನಿಂತಿರುತ್ತವೆ. ಚಿಂಚೋಳಿ ಕಾಡಿನಲ್ಲಿ ತೆಂಗು ಎಲ್ಲಿಂದ ಬಂತೆಂದು ಈವರೆಗೆ ಯಾರೂ ತಕರಾರು ತೆಗೆದದ್ದು ನಾನು ಕೇಳಿಲ್ಲ. ನೀರು ಇದೆಯಲ್ಲ, ಸಾಕು.

ಇದಕ್ಕೆ ರೊಕ್ಕ ಕೊಟ್ಟು ಹೊರಡುವವರು ಯಾರು? ನಳ ಬರುವ ದಿನ ಆಫೀಸಿಗೆ ತಡವಾಗಿ ಹೋಗುವ ಮಂದಿ. ಬ್ಯಾರಲ್ಲು, ಕೊಡ, ಬಕೆಟ್ಟು ತುಂಬಿದ ಮೇಲೆ ಕುಕ್ಕರನ್ನೂ ನಳದ ಕೆಳಗೆ ಹಿಡಿದವರು. ಮೇ ತಿಂಗಳ ಬಿಸಿಲಿನಲ್ಲಿ ಟ್ಯಾಂಕರಿನ ಹಿಂದೆ ಓಡಿದವರು. ಅಂಥವರು ಮಳೆಗಾಲದಲ್ಲಿ ಒಂದು ದಿನ, ಯಾರೂ ತುಂಬಿಕೊಳ್ಳದೆ ಸುಮ್ಮನೆ ಬಿದ್ದು ಹರಿದುಹೋಗುವ ನೀರನ್ನು ನೋಡಲು ಹೋಗುತ್ತಾರೆ. ನೋಡಿ ಬಂದು ವಾರಗಟ್ಟಲೆ ಮಾತಾಡುತ್ತಾರೆ. ಶಿರಸಿಯವರಿಗೋ ಸಾಗರದವರಿಗೋ ಇದು ನಗೆ ತರಿಸಬಹುದು. ಅವರಿಗೆ ಜಲಪಾತವೆಂದರೆ ನಕ್ಷೆಯ ಮೇಲಿನ ಜಾಗ. ನಮಗೆ ಅದು ಪಂಚಾಂಗದಲ್ಲಿ ಹುಡುಕಬೇಕಾದ ದಿನ. ಮಾರ್ಚಿನಲ್ಲಿ ಎತ್ತಿಪೋತಕ್ಕೆ ಹೋದರೆ ಜಲಪಾತ ಬೀಳುವ ಕಲ್ಲು ಇರುತ್ತದೆ, ಕಲ್ಲಿನ ಮೇಲೆ ಮಂಗ ಇರುತ್ತದೆ, ಜಲಪಾತವೊಂದೇ ಇರುವುದಿಲ್ಲ.

ಅದರಲ್ಲೂ ಬೋಟು ಮತ್ತು ಜಲಪಾತ ಎರಡನ್ನೂ ಒಂದೇ ದಿನಕ್ಕೆ ಕಟ್ಟುವುದು ನಮ್ಮ ಕಡೆ ಧೈರ್ಯದ ಕೆಲಸ. ಬೋಟಿಗೆ ನಿಂತ ನೀರು ಬೇಕು, ಡ್ಯಾಮು ತುಂಬಬೇಕು, ಅದಕ್ಕೆ ವಾರಗಳು ಹಿಡಿಯುತ್ತವೆ. ಜಲಪಾತಕ್ಕೆ ನಿನ್ನೆ ಮೊನ್ನೆಯ ಮಳೆಯೇ ಬೇಕು. ಮಳೆ ಹೆಚ್ಚಾದರೆ ಬೋಟು ದಂಡೆಗೆ ಕಟ್ಟಿಡುತ್ತಾರೆ, ಮಳೆ ನಿಂತರೆ ಜಲಪಾತ ಸೊರಗುತ್ತದೆ. ಈ ಎರಡರ ನಡುವಿನ ಸಣ್ಣ ಸಂದಿಯಲ್ಲಿ ಒಂದು ಭಾನುವಾರ ಬಂದು ಕೂಡಬೇಕು. ಟೂರಿನವನು ಜಾಹೀರಾತಿನಲ್ಲಿ ತಾರೀಖು ಹಾಕುವಾಗ ಆಕಾಶದ ಕಡೆ ನೋಡಿಯೇ ಹಾಕುತ್ತಾನೆ.

ಅಟ್ಲಾಸ್ ತೆಗೆದು ನೋಡಿದರೆ ಇನ್ನೊಂದು ತಮಾಷೆ ಕಾಣುತ್ತದೆ. ಬೋಟು-ಜಲಪಾತದ ಒಂದು ದಿನದ ಟೂರಿಗೆ ಹೆಸರಾದ ಜಮೈಕಾ ದೇಶ ಹೆಚ್ಚೂಕಡಿಮೆ ನಮ್ಮ ಅಕ್ಷಾಂಶದಲ್ಲೇ ಇದೆ. ಅದರ ರಾಜಧಾನಿ ಕಿಂಗ್‌ಸ್ಟನ್ 18 ಡಿಗ್ರಿ ಉತ್ತರ, ಬೀದರ್ ಕೂಡ ಅಷ್ಟೇ, ಕಲಬುರಗಿ ಅರ್ಧ ಡಿಗ್ರಿ ಕೆಳಗೆ. ಗ್ರೀನಿಚ್‌ನಿಂದ ನಾವು ಪೂರ್ವಕ್ಕೆ 77 ಡಿಗ್ರಿ ಆಸುಪಾಸಿನಲ್ಲಿದ್ದರೆ ಅವರು ಪಶ್ಚಿಮಕ್ಕೆ ಅಷ್ಟೇ ದೂರ. ಆರ್‌ಸಿಬಿಯ ಪರವಾಗಿ 2013ರಲ್ಲಿ ಪುಣೆಯವರ ಮೇಲೆ 175 ಹೊಡೆದ ಕ್ರಿಸ್ ಗೇಲ್‌ನ ಊರು ಅದು. ಇನ್ನೂ ಸ್ವಾರಸ್ಯವೆಂದರೆ ಕಿಂಗ್‌ಸ್ಟನ್ನೂ ಮಳೆ ನೆರಳಿನ ಊರೇ. ಈಶಾನ್ಯದ ಗಾಳಿ ತಂದ ಮಳೆಯನ್ನು ಬ್ಲೂ ಮೌಂಟನ್ಸ್ ಬೆಟ್ಟಗಳು ಆಚೆಯೇ ಇಳಿಸಿಕೊಳ್ಳುತ್ತವೆ, ನಮ್ಮ ಪಾಲಿನದನ್ನು ಸಹ್ಯಾದ್ರಿ ಇಳಿಸಿಕೊಂಡ ಹಾಗೆ. ಆದರೆ ಗೇಲ್‌ನ ಊರಿನವರು ಬೆಟ್ಟ ದಾಟಿ ಉತ್ತರ ದಂಡೆಗೆ ಹೋದರೆ ಡನ್ಸ್ ರಿವರ್ ಜಲಪಾತ ಸಿಗುತ್ತದೆ. ಸುಮಾರು 180 ಅಡಿ ಎತ್ತರದಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದು ನೇರ ಸಮುದ್ರಕ್ಕೇ ಸೇರುವ ನೀರು. ಪ್ರವಾಸಿಗಳು ಕಡಲಲ್ಲಿ ಬೋಟಿನಲ್ಲಿ ಸುತ್ತಾಡಿ ಬಂದು, ಗೈಡಿನ ಹಿಂದೆ ಒಬ್ಬರ ಕೈ ಒಬ್ಬರು ಹಿಡಿದು ಸಾಲಾಗಿ ಆ ಜಲಪಾತವನ್ನು ಕೆಳಗಿನಿಂದ ಮೇಲಕ್ಕೆ ಹತ್ತುತ್ತಾರೆ. ಊಟೆಯ ನೀರಾದ್ದರಿಂದ ಅದು ವರ್ಷವಿಡೀ ಬೀಳುತ್ತದೆ. ಆ ನೀರಿನಲ್ಲಿ ಕರಗಿದ ಸುಣ್ಣ ಹರಿಯುತ್ತ ಹರಿಯುತ್ತ ಗಟ್ಟಿಯಾಗಿ ಮೆಟ್ಟಿಲನ್ನು ತಾನೇ ಕಟ್ಟಿಕೊಳ್ಳುತ್ತದೆ. ಸುಣ್ಣದ ಕಲ್ಲಿಗೆ ನಮ್ಮಲ್ಲೇನು ಬರವೇ? ಶಹಾಬಾದ್, ವಾಡಿ, ಸೇಡಂ ಎಲ್ಲ ಅದರ ಮೇಲೆಯೇ ಕೂತಿವೆ. ಅವರ ಸುಣ್ಣದ ಕಲ್ಲು ಜಲಪಾತವಾಯಿತು, ನಮ್ಮದು ಫರಸಿಯೂ ಸಿಮೆಂಟೂ ಆಯಿತು. ಹಂಚಿಕೆಯಲ್ಲಿ ಎಲ್ಲೋ ಲೆಕ್ಕ ತಪ್ಪಿದೆ.

ಬೀದರಿನವರ ಮುಂದೆ ಮಾತ್ರ ಈ ದುಃಖ ತೋಡಿಕೊಳ್ಳಬಾರದು. ಅವರ ಕೆಂಪು ಮುರಕಲ್ಲು ನೀರನ್ನು ಹೀರಿ ಇಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ನಾನಕ್ ಝಿರಾದಲ್ಲಿ ಬೇಸಿಗೆಯಲ್ಲೂ ಊಟೆ ನಿಲ್ಲುವುದಿಲ್ಲ, ಝರಣಿ ನರಸಿಂಹನ ದರ್ಶನಕ್ಕೆ ಗುಹೆಯೊಳಗೆ ಎದೆಮಟ್ಟದ ನೀರಲ್ಲಿ ನಡೆದೇ ಹೋಗಬೇಕು, ನೌಬಾದಿನಲ್ಲಿ ಬಹಮನಿಗಳ ಕಾಲದ ಕರೇಜ್ ಎಂಬ ಸುರಂಗ ಕಾಲುವೆ ನೆಲದೊಳಗೇ ನೀರು ಹರಿಸುತ್ತಿತ್ತು. ಇದನ್ನೆಲ್ಲ ಹೇಳಿ, ‘ನಿಮ್ಮಲ್ಲಿ ಏನೈತ್ರಿ?’ ಎಂದು ಕೇಳುತ್ತಾರೆ. ನಮ್ಮಲ್ಲಿ ಟೆಂಪೊ ಟ್ರಾವೆಲರ್ ಇದೆ.

ನಮ್ಮ ಗಾಡಿಯಲ್ಲಿ ಹಿಂದಿನ ಸೀಟಿಗೆ ರೊಟ್ಟಿಯ ಬುಟ್ಟಿ, ಶೇಂಗಾ ಹಿಂಡಿಯ ಡಬ್ಬಿ, ಪುಂಡಿ ಪಲ್ಯ, ಮೊಸರಿನ ಕ್ಯಾನು. ಮುಂದಿನ ಸೀಟಿಗೆ ಕಾಕಾ. ಯಾದಗಿರಿ ಕಡೆ ಭೀಮಾ ದಂಡೆಯಲ್ಲಿ ಹೊಲ ಇರುವ ಕಾಕಾನನ್ನು ಮಾವಶಿ ಒತ್ತಾಯ ಮಾಡಿ ಕರೆತಂದಿದ್ದಳು. ಆತ ಬೆಳಗಿನಿಂದ ಕಿಟಕಿಯಾಚೆ ಜಲಪಾತದ ಕನಸಿನಲ್ಲಿ ಇರಲಿಲ್ಲ. ದಾರಿಯುದ್ದಕ್ಕೂ ಯಾರ ಹೊಲದ ಹೆಸರು ಬೆಳೆ ಕಟಾವಾಗಿದೆ, ಯಾರದು ನಿಂತಿದೆ, ಎಲ್ಲಿ ತೊಗರಿಯ ಸಾಲಿನಲ್ಲಿ ನೀರು ನಿಂತಿದೆ ಎಂದು ಎಣಿಸುತ್ತಿದ್ದ.

ಗೈಡು ಚಿಂಚೋಳಿಯಲ್ಲಿ ಹತ್ತಿಕೊಂಡ. ಅಲ್ಲಿಯೇ ತಾಂಡಾದ ಹುಡುಗ. ಫೋನಿನಲ್ಲಿ ಮನೆಯವರ ಜೊತೆ ಲಂಬಾಣಿ, ನಮ್ಮ ಜೊತೆ ಕನ್ನಡ, ಡ್ರೈವರ್ ಜೊತೆ ಉರ್ದು, ಎದುರಾದ ಕುಂಚಾವರಂ ಕಡೆಯವರ ಜೊತೆ ತೆಲುಗು. ಒಂದು ಗಂಟೆಯಲ್ಲಿ ನಾಲ್ಕು ಭಾಷೆ ದಾಟಿದವನಿಗೆ ಮೈಕ್ ಹಿಡಿದ ಕೂಡಲೇ ಮಾತ್ರ ಪುಸ್ತಕದ ಕನ್ನಡ ಬರುತ್ತಿತ್ತು. ‘ತಾವೀಗ ದಕ್ಷಿಣ ಭಾರತದ ಪ್ರಥಮ ಒಣಭೂಮಿ ವನ್ಯಜೀವಿಧಾಮವನ್ನು ಪ್ರವೇಶಿಸುತ್ತಿದ್ದೀರಿ. 2011ರಲ್ಲಿ ಘೋಷಣೆಯಾಗಿದೆ.’ ಮೈಕ್ ಕೆಳಗಿಟ್ಟು, ‘ತ್ವಾಳ ಅದಾವ್ರಿ, ಕತ್ತೆಕಿರುಬ ಅದಾವ, ಶ್ರೀಗಂಧ ಅದ. ಹಗಲಿನ್ಯಾಗ ನಿಮಗ ಮಂಗ್ಯಾ ಬಿಟ್ಟು ಏನೂ ಕಾಣಂಗಿಲ್ಲ’ ಎಂದ. ಗೈಡುಗಳಲ್ಲಿ ಇಷ್ಟು ಪ್ರಾಮಾಣಿಕತೆ ಅಪರೂಪ.

ಚಂದ್ರಂಪಳ್ಳಿ ದೊಡ್ಡ ಡ್ಯಾಮಲ್ಲ. ಗುಡ್ಡಗಳ ನಡುವೆ, ಹೊಲಗಳಿಗಾಗಿ ಕಟ್ಟಿದ್ದು. ಇಲ್ಲಿಯ ನೀರು ಮುಲ್ಲಾಮಾರಿ ಸೇರಿ, ಮುಲ್ಲಾಮಾರಿ ಕಾಗಿಣಾ ಸೇರಿ, ರಾಷ್ಟ್ರಕೂಟರ ಮಳಖೇಡವನ್ನು ಹಾದು ಭೀಮೆಗೆ ಇಳಿಯುತ್ತದೆ. ಗೈಡು ಇದನ್ನು ಹೇಳಿದಾಗ ಕಾಕಾ ಮೊದಲ ಸಲ ಕಿವಿ ನಿಮಿರಿಸಿದ. ‘ಅಂದ್ರ ಇದು ನಮ್ಮೂರ ಮುಂದಿಂದೇ ಹೋಗ್ತದಲ್ಲೋ!’ ಎಂದು, ಪರಿಚಯದವರು ಸಿಕ್ಕ ಸಂತೋಷದಲ್ಲಿ ದಂಡೆಗಿಳಿದು ಕಾಲು ತೊಳೆದುಕೊಂಡ.

ಬೋಟಿನಲ್ಲಿ ಕೂಡುವುದಕ್ಕೆ ನಮ್ಮ ಹೆಣ್ಣುಮಕ್ಕಳು ತೆಗೆದುಕೊಂಡಷ್ಟು ಹೊತ್ತನ್ನು ಬೋಟು ಇಡೀ ಸುತ್ತಿಗೆ ತೆಗೆದುಕೊಳ್ಳಲಿಲ್ಲ. ಇಳಕಲ್ ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್. ಸೆರಗು ಒಳಗೋ ಹೊರಗೋ ಎಂಬ ಚರ್ಚೆ. ಮಾವಶಿ ಎದ್ದು ನಿಂತು ಪರ್ಸಿನಿಂದ ಅರಿಶಿನ-ಕುಂಕುಮದ ಪೊಟ್ಟಣ ತೆಗೆದಳು. ‘ಮಾವಶಿ, ಎದ್ದು ನಿಂದರಬ್ಯಾಡ್ರಿ, ಬೋಟು ವಾಲ್ತದ’ ಎಂದು ಬೋಟಿನವನು ಕೂಗಿದ. ‘ಗಂಗಾಮಾಯಿಗೆ ಕುಂತು ಏರಸ್ತಾರೇನೋ?’ ಎಂದು ಆಕೆ ನಿಂತೇ ಏರಿಸಿದಳು. ಆ ಹುಡುಗ ಬೋಟನ್ನು ವಾಲದ ಹಾಗೆ ಹಿಡಿದು ನಿಲ್ಲಿಸಿದ. ದಿನಕ್ಕೆ ಇಂಥ ಎಷ್ಟು ಮಾವಶಿಯರನ್ನು ಕಂಡಿರುತ್ತಾನೋ. ಮೋಜಿಗೆಂದು ಟಿಕೆಟ್ ತೆಗೆಸಿ ಬಂದವರೂ ನೀರಿನ ನಡುವೆ ಹೋದ ಕೂಡಲೇ ಮುಖ ಸ್ವಲ್ಪ ಬಿಗಿ ಮಾಡಿಕೊಳ್ಳುತ್ತಾರೆ. ನಮ್ಮ ಕಡೆ ತುಂಬಿದ ನೀರಿನೆದುರು ಪೂರಾ ನಗುವುದಕ್ಕೆ ಇನ್ನೂ ಸಂಕೋಚ.

ಸಂಕೋಚಕ್ಕೆ ಕಾರಣವೂ ಇದೆ. ನಮ್ಮ ನದಿಗಳಲ್ಲಿ ಹರಿಗೋಲು, ದೋಣಿ ಇದ್ದದ್ದು ವಿಹಾರಕ್ಕಲ್ಲ, ದಾಟುವುದಕ್ಕೆ. ಸುರಪುರ ಕಡೆ ಕೃಷ್ಣೆಯ ನಡುಗಡ್ಡೆ ನೀಲಕಂಠರಾಯನಗಡ್ಡಿಯಲ್ಲಿ ಹೊಳೆ ಬಂದಾಗ ಊರೇ ಸಿಕ್ಕಿಕೊಳ್ಳುತ್ತಿತ್ತು. 2014ರಲ್ಲಿ ಅಲ್ಲಿಯ ತುಂಬು ಗರ್ಭಿಣಿಯೊಬ್ಬಳು ಒಣ ಸೋರೆಕಾಯಿ ಕಟ್ಟಿಕೊಂಡು ತುಂಬಿದ ಕೃಷ್ಣೆಯನ್ನು ಈಜಿ ದಾಟಿದ ಸುದ್ದಿಯನ್ನು ಲೋಕವೇ ಓದಿತು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗ ಕಲಬುರಗಿ, ಯಾದಗಿರಿಯ ಎಷ್ಟೋ ಹಳ್ಳಿಗಳಿಗೆ ಬೋಟು ಮನೆ ಬಾಗಿಲಿಗೇ ಬಂದಿತ್ತು. ಮೊದಲ ಸಲ ಬೋಟಿನಲ್ಲಿ ಕೂತವರು ಕೈ ಎತ್ತಬೇಕೆಂದು ಗೈಡು ಉತ್ಸಾಹದಿಂದ ಕೇಳಿದ. ಎಲ್ಲರೂ ಎತ್ತಿದರು, ಕಾಕಾ ಎತ್ತಲಿಲ್ಲ.

‘ನೀವು ಮೊದಲು ಎಲ್ಲಿ ಕುಂತಿದ್ರಿ ಕಾಕಾ? ಗೋವಾದಾಗೇನು?’

‘ನಮ್ಮ ಓಣ್ಯಾಗ. ಆವಾಗ ಟಿಕೆಟ್ ತಗೊಂಡಿದ್ದಿಲ್ಲ. ಸರಕಾರದೋರು ಪುಕ್ಕಟೆ ಕೂಡಿಸಿದ್ರು.’

ಎತ್ತಿಪೋತಕ್ಕೆ ಗಾಡಿ ಬಿಟ್ಟು ನಡೆಯಬೇಕು. ಮಳೆಗೆ ನೆನೆದ ಮಣ್ಣು ಚಪ್ಪಲಿಯನ್ನು ಬಿಡಲೊಲ್ಲದು. ಹತ್ತು ಹೆಜ್ಜೆಗೆ ಒಂದು ಸಲ ಎಲ್ಲರೂ ಕಲ್ಲು ಹುಡುಕಿ ಕಾಲು ತಿಕ್ಕುವುದು, ಮತ್ತೆ ಹತ್ತು ಹೆಜ್ಜೆ. ತೆಲಂಗಾಣದ ಗಡಿ ಅಲ್ಲಿಂದ ದೂರವಿಲ್ಲವಾಗಿ ಜಹೀರಾಬಾದ್, ತಾಂಡೂರ ಕಡೆಯ ಗುಂಪುಗಳೂ ಅದೇ ಕೆಸರಿನಲ್ಲಿ. ಜಲಪಾತದ ಸದ್ದಿಗಿಂತ ಮೊದಲು ಸಿಳ್ಳೆ, ಕೂಗು, ಬ್ಲೂಟೂತ್ ಸ್ಪೀಕರಿನ ಹಾಡು ಕೇಳಿದ್ದರಿಂದ ದಾರಿ ತಪ್ಪುವ ಪ್ರಶ್ನೆಯೇ ಇರಲಿಲ್ಲ.

ಜಾಹೀರಾತಿನ ಜಲಪಾತ ಬೆಳ್ಳಗಿತ್ತು. ನಮ್ಮದು ಬಸ್‌ಸ್ಟ್ಯಾಂಡಿನ ಚಹಾದಂತೆ ಕಂದಿತ್ತು. ಮೇಲಿನ ಕಾಡು, ಹೊಲ ಎಲ್ಲದರ ಮಣ್ಣನ್ನೂ ಕರೆದುಕೊಂಡೇ ಕೆಳಗೆ ಬೀಳುತ್ತಿತ್ತು. ನನಗೆ ಅದೇ ಸರಿ ಅನಿಸಿತು. ಬರೀ ಬಿಳಿ ನೀರು ಬಿದ್ದಿದ್ದರೆ ಇದು ಚಿಂಚೋಳಿಯದೇ ಎಂದು ನಂಬಲು ತಡವಾಗುತ್ತಿತ್ತು. ಎತ್ತರ ಹೇಳಿಕೊಳ್ಳುವಂಥದ್ದಲ್ಲ. ಆದರೆ ಕರಿ ಕಲ್ಲಿನ ಅಂಚಿನಿಂದ ನೀರು ಒಮ್ಮೆ ದಪ್ಪವಾಗಿ ಒಮ್ಮೆ ಸಣ್ಣಗೆ, ಮೇಲೆ ಯಾರೋ ನಳ ತಿರುಗಿಸುತ್ತಿದ್ದಾರೆ ಎನ್ನುವ ಹಾಗೆ ಇಳಿಯುವುದನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಜಮೈಕಾದವರ ಹಾಗೆ ಕೈ ಕೈ ಹಿಡಿದು ಹತ್ತುವ ಜಲಪಾತ ಇದಲ್ಲ. ಕೈ ಹಿಡಿದದ್ದು ಕೆಸರಿನ ಇಳಿಜಾರಿನಲ್ಲಿ, ಅದೂ ಒಬ್ಬರು ಜಾರಿದರೆ ಸಾಲಿಗೆ ಸಾಲೇ ಜಾರುವ ಹಾಗೆ.

ಆಗ ಗೈಡು ನನ್ನ ಪಕ್ಕ ಬಂದು ನಿಂತು, ಗೈಡುಗಳೆಲ್ಲ ಹೇಳುವ ಮಾತನ್ನು ಹೇಳಿದ: ‘ಹ್ವಾದ ವಾರ ಬರಬೇಕಿತ್ರಿ ಸರ್. ಏನ್ ನೀರು ಅಂತೀರಿ!’ ಹಂಪಿಯ ಗೈಡಿಗೆ ಕೃಷ್ಣದೇವರಾಯನ ಕಾಲ ಸುವರ್ಣಯುಗವಾದರೆ ಜಲಪಾತದ ಗೈಡಿಗೆ ಹೋದ ವಾರವೇ ಸುವರ್ಣಯುಗ. ನಾವು ಕಂಡದ್ದು ಯಾವಾಗಲೂ ಅದರ ಅವನತಿ ಕಾಲ.

ಕಾಕಾ ಇದನ್ನು ಕೇಳಿಸಿಕೊಂಡ. ‘ಹ್ವಾದ ವಾರ ಭಾಳ ಬಿತ್ತೇನಪಾ ಇಲ್ಲಿ?’

‘ಭಾಳ ಅಂದ್ರ ಭಾಳ ಕಾಕಾ. ಐದು ದಿನ ಹತ್ತಿ ಹಿಡದಿತ್ತು. ಪಬ್ಲಿಕ್ ಫುಲ್.’

‘ಆ ಐದು ದಿನ ನನ್ನ ಹೆಸರು ಹೊಲದಾಗೇ ನಿಂತಿತ್ತು ನೋಡು. ಕಾಯ್ಯಾಗೇ ಮೊಳಕಿ ಒಡದಾವ. ಇನ್ನ ನೀರು ನಿಂತಲ್ಲಿ ತೊಗರಿಗೆ ನೆಟೆ ರೋಗ ಬಂದ್ರ ಅದೂ ಹೋತು.’

ಗೈಡಿನ ಉತ್ಸಾಹ ಒಂದು ಕ್ಷಣ ತಗ್ಗಿತು. ಅವನ ಮನೆಯಲ್ಲೂ ಎರಡೆಕರೆ ಹೆಸರು ಇತ್ತಂತೆ. ಅಪ್ಪ ಹೊಲದಲ್ಲಿ ಮೋಡ ನೋಡಿ ಬಯ್ಯುತ್ತಿದ್ದ, ಮಗ ಅದೇ ಮೋಡದ ಫೋಟೊ ತೆಗೆದು ಸ್ಟೇಟಸ್ ಹಾಕಿ ಗಿರಾಕಿ ಕರೆಯುತ್ತಿದ್ದ. ಆ ವಾರ ಮನೆ ನಡೆದದ್ದು ಮಗನ ದುಡಿಮೆಯಲ್ಲಿ. ಬೇಸಿಗೆ ಬಂತೆಂದರೆ ಅವನು ಹೈದರಾಬಾದಿಗೆ ಕೂಲಿಗೆ ಹೋಗುತ್ತಾನೆ. ಹಿಂಗಾರಿಗೆ ಡ್ಯಾಮಿನ ನೀರು ಕಾಲುವೆಗೆ ಬಿಟ್ಟರೆ ಬೋಟಿನ ಆಟವೂ ಕುಗ್ಗುತ್ತದೆ. ಅದಕ್ಕೆ ಅವನು ಬೇಜಾರು ಮಾಡಿಕೊಳ್ಳುವುದಿಲ್ಲ. ‘ನೀರು ಹೊಲದ್ದೇ ಅಲ್ರಿ, ನಾವು ನಡುವ ಸ್ವಲ್ಪ ದಿನ ಆಡ್ಕೊಂತೀವಿ’ ಎಂದ. ಕಾಕಾ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, ಹಿಂಡಿಯ ಮೇಲೆ ತಾನೇ ಎಣ್ಣೆ ಸುರಿದ. ಊಟದ ಬಗ್ಗೆ ಬೇರೆ ಹೇಳಬೇಕಾದ್ದಿಲ್ಲ: ನೆನೆದು ಬಂದವರ ಮುಂದೆ ಪುಂಡಿ ಪಲ್ಯ, ಉಳ್ಳಾಗಡ್ಡಿ ಇಟ್ಟರೆ ಏನಾಗುತ್ತದೋ ಅದೇ ಆಯಿತು. ಬುಟ್ಟಿ ಹಗುರಾಯಿತು, ಮಂಗಗಳಿಗೆ ಏನೂ ಉಳಿಯಲಿಲ್ಲ.

ತಿರುಗಿ ಬರುವಾಗ ಚಿಂಚೋಳಿಯಲ್ಲಿ ಮಿರ್ಚಿ ಭಜಿಗೆ ನಿಂತೆವು. ಇಳಿಯುವ ಮೊದಲು ಗೈಡು ಒಂದು ಸಣ್ಣ ವಹಿ ತೆಗೆದ. ಮುಂದಿನ ವರ್ಷದ ಟೂರಿಗೆ ಈಗಲೇ ಐದುನೂರು ಮುಂಗಡ ಕೊಟ್ಟರೆ ಕಿಟಕಿ ಸೀಟು ಪಕ್ಕಾ ಅಂತೆ. ಮಾವಶಿ ಎರಡು ಸೀಟು ಬರೆಸಿದಳು. ಕಾಕಾ ಭಜಿ ಮುರಿಯುತ್ತ ಕೇಳಿದ: ‘ಸೀಟು ಪಕ್ಕಾ ಮಾಡ್ತಿ, ಖರೆ. ಮಳಿ ಪಕ್ಕಾ ಮಾಡ್ತೀಯೇನು?’

‘ಮಳೀದು ಶರಣಬಸಪ್ಪನ ಕಡೆ ಕಾಕಾ. ಸೀಟಿಂದು ಅಷ್ಟ ನನ್ನ ಕಡೆ.’

‘ಹಂಗಾದ್ರ ನಂದೂ ಒಂದು ಬರಕೋ. ತಾರೀಖು ಮಾತ್ರ ನನ್ನ ಹೆಸರು ರಾಶಿ ಆದಮ್ಯಾಲ ಇಡು.’