ಹುಲ್ಲುಹಾಸಿನ ಪುಟ್ಟ ನೀಲಿ ಚಿಟ್ಟೆಗಳ ಗುರುತು: ಒಂದು ಸ್ಪಷ್ಟನೆ

ಹುಲ್ಲುಹಾಸಿನ ಮೇಲೆ ತಗ್ಗಿನಲ್ಲಿ ಹಾರಾಡುವ ಪುಟ್ಟ ಚಿಟ್ಟೆಗಳನ್ನು ರೆಕ್ಕೆಯ ಮೇಲ್ಮೈ ಬಣ್ಣದಿಂದಲೇ ಗುರುತಿಸಬಹುದು, ಕಂದು ಬಣ್ಣದ್ದು ಬೇರೆಯೇ ಪ್ರಭೇದ ಎಂಬ ಮಾತು ಹರಿದಾಡುತ್ತಿದೆ, ಇದು ಸರಿಯಲ್ಲ. ‘ಗ್ರಾಸ್ ಬ್ಲೂ’ ಎಂಬ ಈ ಗುಂಪಿನಲ್ಲಿ ಸಾಮಾನ್ಯವಾಗಿ ಗಂಡು ನೀಲಿ, ಹೆಣ್ಣು ಕಂದು. ನೋಡಬೇಕಾದದ್ದು ಮಡಚಿದ ರೆಕ್ಕೆಯ ಕೆಳಮೈಯನ್ನು. ಮುಂರೆಕ್ಕೆಯ ನಡುಕೋಶದೊಳಗೆ (ರೆಕ್ಕೆಯ ಬುಡದಿಂದ ನಡುವಿನವರೆಗೆ ನರಗಳು ಸುತ್ತುವರಿದ ಜಾಗ) ಒಂದು ಚುಕ್ಕೆಯಿದ್ದರೆ ಅದು ಪೇಲ್ ಗ್ರಾಸ್ ಬ್ಲೂ ಅಥವಾ ಡಾರ್ಕ್ ಗ್ರಾಸ್ ಬ್ಲೂ (ಇವೆರಡನ್ನು ಬೇರ್ಪಡಿಸುವುದು, ಅದರಲ್ಲೂ ರೆಕ್ಕೆ ಸವೆದಿದ್ದರೆ, ಪಳಗಿದ ಕಣ್ಣಿಗೂ ಸುಲಭವಲ್ಲ). ಆ ಚುಕ್ಕೆಯಿಲ್ಲದೆ, ಹಿಂರೆಕ್ಕೆಯ ಬಾಗಿದ ಚುಕ್ಕೆಸಾಲಿನಲ್ಲಿ ಮೇಲಿನಿಂದ ಎರಡನೆಯದು ಸಾಲು ತಪ್ಪಿ ಬುಡದತ್ತ ಸರಿದಿದ್ದರೆ ಲೆಸ್ಸರ್ ಗ್ರಾಸ್ ಬ್ಲೂ. ನಡುಕೋಶ ಖಾಲಿಯಿದ್ದು, ಮುಂರೆಕ್ಕೆಯ ಮೇಲಂಚಿನಲ್ಲೇ ಪುಟ್ಟ ಚುಕ್ಕೆಗಳು ಕಂಡರೆ ಟೈನಿ ಗ್ರಾಸ್ ಬ್ಲೂ. ರೆಕ್ಕೆ ಬಿಚ್ಚಿ ಕುಳಿತ ಚಿತ್ರವೊಂದರಲ್ಲಿ ಕೆಳಮೈಯ ಈ ಗುರುತುಗಳಾವುವೂ ಕಾಣುವುದಿಲ್ಲ.