ಹಾಲಿನ ಖಾತೆಗೆ ಬಂದ ವಿಸ್ಕಿ

ನಮ್ಮ ಮನೆಯಲ್ಲಿ ಹಾಲಿನ ಖಾತೆ ನನ್ನದು, ವಿಸ್ಕಿಯ ಖಾತೆ ಯಜಮಾನರದು. ಹಾಲು ಕಾಯಿಸುವುದು, ಕೆನೆ ತೆಗೆಯುವುದು, ಹೆಪ್ಪು ಹಾಕುವುದು, ಬೆಣ್ಣೆ ತೆಗೆಯುವುದು, ತುಪ್ಪ ಕಾಯಿಸುವುದು ಎಲ್ಲವೂ ನನ್ನ ವ್ಯಾಪ್ತಿಗೆ ಸೇರಿದವು. ಅವರ ವ್ಯಾಪ್ತಿ ಬೀರುವಿನ ಕೆಳಗಿನ ಖಾನೆಗೆ ಮುಗಿಯುತ್ತದೆ. ಆ ಖಾನೆಯ ಬಾಗಿಲು ತೆರೆಯುವುದಕ್ಕೂ ಪಂಚಾಂಗದ ಅಡ್ಡಿಗಳಿವೆ. ಸೋಮವಾರ ಈಶ್ವರನದು, ಮಂಗಳವಾರ ಚಾಮುಂಡಿಯದು, ಗುರುವಾರ ರಾಯರದು, ಶುಕ್ರವಾರ ಲಕ್ಷ್ಮಿಯದು, ಶನಿವಾರ ವೆಂಕಟರಮಣನದು. ಬುಧವಾರಕ್ಕೆ ಅತ್ತೆಯವರು ಇನ್ನೂ ಯಾರನ್ನೂ ನೇಮಿಸಿಲ್ಲವಾದರೂ, ಆ ವಿಷಯವನ್ನು ಕೆದಕುವುದು ಕ್ಷೇಮವಲ್ಲವೆಂದು ಯಜಮಾನರು ಭಾನುವಾರಕ್ಕೇ ತೃಪ್ತರಾಗಿದ್ದಾರೆ.

ಭಾನುವಾರದ ಆ ಒಂದು ಲೋಟಕ್ಕೆ ಪರಿವಾರ ದೊಡ್ಡದು. ಖಾರದ ಕಡಲೆಬೀಜ, ಕೋಡುಬಳೆ, ಈರುಳ್ಳಿ, ನಿಂಬೆಹಣ್ಣು, ಕೊನೆಗೆ ಏನೂ ಇಲ್ಲದಿದ್ದರೆ ಮಾವಿನಕಾಯಿ ಉಪ್ಪಿನಕಾಯಿಯ ಹೋಳು. ನಮ್ಮ ಕಡೆ ವಿಸ್ಕಿಯ ನೆಂಟರೆಲ್ಲ ಉಪ್ಪು, ಹುಳಿ, ಖಾರದ ಕುಲದವರು. ಸಿಹಿಗೆ ಆ ಮೇಜಿನ ಮೇಲೆ ಜಾಗವಿಲ್ಲ, ಹಾಲಿಗಂತೂ ಆ ಕೋಣೆಯಲ್ಲೇ ಇಲ್ಲ.

ಈ ವ್ಯವಸ್ಥೆಗೆ ಧಕ್ಕೆ ಬಂದದ್ದು ಡಬ್ಲಿನ್‌ನಲ್ಲಿರುವ ನನ್ನ ತಮ್ಮನಿಂದ. ರಜೆಗೆ ಬಂದವನು ಭಾವನ ಕಡಲೆಬೀಜದ ತಟ್ಟೆಯನ್ನು ನೋಡಿ ನಿಟ್ಟುಸಿರು ಬಿಟ್ಟ. ಅವನಿರುವ ಊರಿನಲ್ಲಿ ಊಟ ಮುಗಿದ ಮೇಲೆ ವಿಸ್ಕಿಯನ್ನು ಕೆನೆ, ಚಾಕೊಲೇಟು, ಕಾಫಿಯ ಜೊತೆಗೆ ಬೆರೆಸಿ ಸಿಹಿತಿಂಡಿಯ ಬದಲಿಗೆ ಕುಡಿಯುತ್ತಾರಂತೆ. ಅದನ್ನು ಮನೆಯಲ್ಲಿಯೇ ಮಾಡಿ ತೋರಿಸುತ್ತೇನೆ ಎಂದ. ಮಾಡುವುದಕ್ಕೆ ಮೊದಲು ಅದರ ಚರಿತ್ರೆಯನ್ನೂ ಹೇಳಿದ, ಚಮಚ ಹಿಡಿದು ತಾನೇ ಅಲ್ಲಿ ನಿಂತಿದ್ದವನಂತೆ.

ಚರಿತ್ರೆ ಹೀಗಿದೆ. 1973ರಲ್ಲಿ ಲಂಡನ್ನಿನ ಸೋಹೋದಲ್ಲಿ ಡೇವಿಡ್ ಗ್ಲಕ್‌ಮನ್ ಮತ್ತು ಹ್ಯೂ ಸೀಮೋರ್ ಡೇವಿಸ್ ಎಂಬ ಇಬ್ಬರಿಗೆ ಐರ್ಲೆಂಡಿನ ಮದ್ಯ ಕಂಪನಿಯೊಂದಕ್ಕಾಗಿ ಹೊಸ ಪೇಯವನ್ನು ಯೋಚಿಸಿಕೊಡುವ ಕೆಲಸ ಬಂತು. ಗ್ಲಕ್‌ಮನ್ ಹಿಂದೆ ಐರಿಷ್ ಬೆಣ್ಣೆಯೊಂದರ ಪ್ರಚಾರಕ್ಕೆ ದುಡಿದಿದ್ದವರು. ಹಾಗಾಗಿ ಅವರ ತಲೆಗೆ ಹೊಳೆದದ್ದು ಹಾಲಿನ ದಾರಿಯೇ. ಪಕ್ಕದ ಅಂಗಡಿಯಿಂದ ಐರಿಷ್ ವಿಸ್ಕಿಯನ್ನೂ ಒಂದು ಡಬ್ಬಿ ಕೆನೆಯನ್ನೂ ತಂದು ಬೆರೆಸಿದರು. ಬಾಯಿಗಿಡಲಾಗಲಿಲ್ಲ. ಮತ್ತೆ ಅಂಗಡಿಗೆ ಹೋಗಿ ಸಕ್ಕರೆಯ ಜೊತೆಗೆ ಕ್ಯಾಡ್‌ಬರಿ ಚಾಕೊಲೇಟ್ ಪುಡಿಯನ್ನೂ ತಂದು ಸುರಿದರು. ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಯಿತು. 1974ರಲ್ಲಿ ಅದು ಬೇಲೀಸ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಹೆಸರು ಸೋಹೋದ ಒಂದು ಹೋಟೆಲಿನ ಬೋರ್ಡಿನಿಂದ ಎತ್ತಿಕೊಂಡದ್ದು.

ತಮ್ಮನ ಕಿವಿಗೆ ಈ ಕಥೆಯಲ್ಲಿ ಬಿದ್ದದ್ದು ಮುಕ್ಕಾಲು ಗಂಟೆ ಎಂಬ ಮಾತು ಮಾತ್ರ. ನಾನು ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುವವಳು. ಕೆನೆ ಮತ್ತು ವಿಸ್ಕಿಯನ್ನು ಒಂದು ಲೋಟದಲ್ಲಿ ಬೆರೆಸುವುದು ಬೇರೆ, ಎರಡು ವರ್ಷ ಜಗಳವಾಡದೆ ಒಂದೇ ಬಾಟಲಿಯಲ್ಲಿ ಕೂರಿಸುವುದು ಬೇರೆ. ಎರಡನೆಯದಕ್ಕೆ ಕೊಬ್ಬಿನ ಹನಿಗಳನ್ನು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಒಡೆಯುವ ಯಂತ್ರ ಬೇಕು ಎಂದೆ. ಯಂತ್ರವೇ ತಾನೇ, ಮಿಕ್ಸಿ ಇದೆಯಲ್ಲ ಎಂದ.

ಮೊದಲ ತೊಡಕು ವಿಸ್ಕಿಯದು. ಅವನು ತಂದಿದ್ದ ಐರಿಷ್ ಬಾಟಲಿಯನ್ನು ಯಜಮಾನರು ಸ್ವೀಕರಿಸಿದ ಗಳಿಗೆಯಲ್ಲೇ ಬೀರುವಿಗೆ ಸೇರಿಸಿ ಬೀಗ ಹಾಕಿಯಾಗಿತ್ತು. ಅಮೃತ್ ಸಿಂಗಲ್ ಮಾಲ್ಟ್ ಆದರೂ ಕೊಡಿ ಎಂದು ಕೇಳಿದಾಗ ಅವರ ಮುಖ ನೋಡಬೇಕಿತ್ತು. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ, ಅದು ತಯಾರಾಗುವ ಕಂಬೀಪುರದ ಬಳಿ ಹಾದುಹೋಗುವಾಗಲೆಲ್ಲ ಕಾರಿನಲ್ಲಿ ಗೌರವದಿಂದ ಮೌನ ತಾಳುವವರು ಅವರು. ಆ ವಿಸ್ಕಿ 2004ರಲ್ಲಿ ಮೊದಲು ಬಿಡುಗಡೆಯಾದದ್ದು ಗ್ಲಾಸ್ಗೋದಲ್ಲಿ, ಅಂದರೆ ಸ್ಕಾಟ್ಲೆಂಡಿನವರ ಮನೆ ಬಾಗಿಲಿಗೇ ಹೋಗಿ, ಎಂಬುದನ್ನು ನೆಂಟರಿಗೆಲ್ಲ ಹೇಳಿ ಮುಗಿಸಿದ್ದಾರೆ. ಪೀಪಾಯಿಯಲ್ಲಿ ಮಾಗುವ ವಿಸ್ಕಿಯಲ್ಲಿ ಒಂದಷ್ಟು ಆವಿಯಾಗಿ ಹೋಗುತ್ತದೆ. ಅದನ್ನು ದೇವತೆಗಳ ಪಾಲು ಎನ್ನುತ್ತಾರೆ. ಸ್ಕಾಟ್ಲೆಂಡಿನ ಚಳಿಯಲ್ಲಿ ಅದು ವರ್ಷಕ್ಕೆ ಶೇ 2ರ ಆಸುಪಾಸು, ಬೆಂಗಳೂರಿನ ಹವೆಯಲ್ಲಿ ಶೇ 10ನ್ನೂ ದಾಟುತ್ತದೆ. “ದೇವತೆಗಳು ಅಷ್ಟು ಕುಡಿದು ನಮಗಾಗಿ ಉಳಿಸಿದ್ದನ್ನು ನೀನು ಕೆನೆಗೆ ಸುರಿಯುತ್ತೀಯಾ?” ಎಂದು ಕೇಳಿದರು. ನಮ್ಮ ಮನೆಯಲ್ಲಿ ಆ ದಿನ ಹೊರಬಿದ್ದ ಏಕೈಕ ಭಕ್ತಿಯ ಮಾತು ಅದು.

ಕೊನೆಗೆ ತಮ್ಮ ಅಂಗಡಿಗೆ ಹೋಗಿ 180 ಮಿಲಿಲೀಟರಿನ ಅಗ್ಗದ ವಿಸ್ಕಿ ತಂದ. ನಮ್ಮ ರಾಜ್ಯದಲ್ಲಿ ಈ ದರ್ಜೆಯ ವಿಸ್ಕಿ ಟೆಟ್ರಾ ಪ್ಯಾಕಿನಲ್ಲಿ ಬರುತ್ತದೆ. ಫ್ರೆಶ್ ಕ್ರೀಮ್ ಬರುವುದೂ ಟೆಟ್ರಾ ಪ್ಯಾಕಿನಲ್ಲಿಯೇ. ಒಂದೇ ಚೀಲದಿಂದ ಎರಡನ್ನೂ ತೆಗೆದು ಅಡುಗೆಮನೆಯ ಕಟ್ಟೆಯ ಮೇಲಿಟ್ಟಾಗ ಅತ್ತೆಯವರು ಕನ್ನಡಕ ಹಾಕಿಕೊಂಡು ಬಂದು ಎರಡನ್ನೂ ತಿರುಗಿಸಿ ನೋಡಿದರು. ಕೆನೆಯ ಪೊಟ್ಟಣವನ್ನು ಕೆಳಗಿಟ್ಟು ವಿಸ್ಕಿಯ ಪೊಟ್ಟಣವನ್ನು ಕಿವಿಯ ಹತ್ತಿರ ಕುಲುಕಿ, “ಇದರಲ್ಲಿ ನೀರು ಜಾಸ್ತಿ” ಎಂದರು. ಪೊಟ್ಟಣದ ಮೇಲೆ ಶೇ 42.8 ಮದ್ಯಸಾರ ಎಂದಿತ್ತು. ಉಳಿದದ್ದು ಬಹುಪಾಲು ನೀರೇ ಆದ್ದರಿಂದ ನಾನು ತಿದ್ದಲು ಹೋಗಲಿಲ್ಲ.

ಡಬ್ಲಿನ್‌ನಲ್ಲಿ ಕಂದು ಸಕ್ಕರೆ ಹಾಕುತ್ತಾರಂತೆ. ತಮ್ಮನಿಗೆ ಅಲ್ಲೊಂದು ದೇಶಾಭಿಮಾನ ಉಕ್ಕಿತು. ಸಕ್ಕರೆಯ ಬದಲು ಬೆಲ್ಲ, ಪುಡಿ ಕಾಫಿಯ ಬದಲು ನಮ್ಮ ಫಿಲ್ಟರ್ ಡಿಕಾಕ್ಷನ್. ಬೆಲ್ಲವನ್ನು ಡಿಕಾಕ್ಷನ್ನಿನಲ್ಲಿ ಕುದಿಸಿ, ಅದು ಗುಳುಗುಳು ಎನ್ನುತ್ತಿರುವಾಗಲೇ ಕೆನೆಯ ಪಾತ್ರೆಗೆ ಸುರಿಯಲು ಎತ್ತಿದ. ಬೇಡ ಎಂದೆ. ಸುರಿದ. ಮೇಲಿನಿಂದ ವಿಸ್ಕಿಯನ್ನೂ ಸುರಿದ. ಬೆಲ್ಲದ ಪಾಯಸ ಮಾಡಿದವರಿಗೆಲ್ಲ ಮುಂದಿನದು ಗೊತ್ತು: ಬೆಲ್ಲ ಹಾಕಿದ ಪಾಯಸ ಒಲೆಯಿಂದ ಇಳಿದು, ಆರಿದ ಮೇಲೆಯೇ ಹಾಲು. ಬೆಲ್ಲದಲ್ಲಿ ಹುಳಿಯಿದೆ, ಡಿಕಾಕ್ಷನ್ನಿನಲ್ಲೂ ಇದೆ. ಹಾಲಿನ ಕೇಸೀನ್ ಎಂಬ ಪ್ರೋಟೀನು ಪಿಎಚ್ 4.6ರ ಹತ್ತಿರ ಬಂದರೆ ಗಂಟುಕಟ್ಟುತ್ತದೆ. ಬಿಸಿಯೂ ಮದ್ಯಸಾರವೂ ಸೇರಿಕೊಂಡರೆ ಅಷ್ಟು ದೂರ ಹೋಗುವ ಶ್ರಮವನ್ನೂ ತೆಗೆದುಕೊಳ್ಳುವುದಿಲ್ಲ. ಪಾತ್ರೆಯಲ್ಲಿ ಕಂದು ಬಣ್ಣದ ನೀರು ಒಂದು ಕಡೆಗೂ ಕಂದು ಬಣ್ಣದ ಗಂಟುಗಳು ಇನ್ನೊಂದು ಕಡೆಗೂ ಸರಿದವು. ತಮ್ಮ ಅದನ್ನು ಬಟ್ಟೆಯಲ್ಲಿ ಸೋಸಬಹುದೇ ಎಂದು ಕೇಳಿದ. ಸೋಸಬಹುದಿತ್ತು. ಸೋಸಿ ಏನು ಮಾಡುವುದು ಎಂಬುದಕ್ಕೆ ಅವನಲ್ಲಿಯೂ ಉತ್ತರವಿರಲಿಲ್ಲ.

ಮುಂದಿನ ಸಲ ಎಲ್ಲವನ್ನೂ ತಣ್ಣಗೆ ಮಾಡಿದರು. ಈಗ ‘ದರು’ ಎನ್ನಬೇಕು, ಏಕೆಂದರೆ ತಮಾಷೆ ನೋಡಲು ಬಂದ ಯಜಮಾನರು ಸಹಾಯಕ್ಕೆ ನಿಂತಿದ್ದರು. ಒಡೆಯಲಿಲ್ಲ. ಆದರೆ ಲೋಟದ ಮೇಲೆ ಬೆಳ್ಳನೆಯ ಕೆನೆ ತೇಲಬೇಕು, ಅದರ ಮೂಲಕ ಕೆಳಗಿನದನ್ನು ಹೀರಬೇಕು ಎಂಬುದು ತಮ್ಮನ ಹಟ. ಎಷ್ಟು ಕಡೆದರೂ ಕೆನೆ ಉಬ್ಬಲಿಲ್ಲ. ಹಾಕಿದ್ದೆಲ್ಲ ತಳಕ್ಕೆ ಹೋಯಿತು. ಪೊಟ್ಟಣ ತಿರುಗಿಸಿದರೆ ಕೊಬ್ಬು ಶೇ 25 ಎಂದು ಬರೆದಿತ್ತು. ಗಾಳಿಯನ್ನು ಹಿಡಿದು ನಿಲ್ಲಬೇಕಾದರೆ ಕೆನೆಗೆ ಶೇ 30ರ ಮೇಲೆ ಕೊಬ್ಬು ಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಫ್ರೆಶ್ ಕ್ರೀಮ್ ಪನೀರ್ ಬೆಣ್ಣೆ ಮಸಾಲೆಗೆ ಹುಟ್ಟಿದ್ದು, ತೇಲುವುದಕ್ಕಲ್ಲ.

ಇಂಥದೇ ಸಂಕಟ ಅಮೆರಿಕದಲ್ಲೂ ಆಗಿತ್ತೆಂದು ತಮ್ಮ ಮೊಬೈಲಿನಲ್ಲಿ ಹುಡುಕಿ ಸಮಾಧಾನಪಟ್ಟುಕೊಂಡ. ಐರ್ಲೆಂಡಿನ ಫೋಯ್ನ್ಸ್ ಎಂಬಲ್ಲಿ, ನೀರಿನ ಮೇಲಿಳಿಯುವ ವಿಮಾನಗಳ ಕಾಲದಲ್ಲಿ, ಜೋ ಶೆರಿಡನ್ ಎಂಬ ಬಾಣಸಿಗ ಚಳಿಗೆ ನಡುಗುತ್ತಿದ್ದ ಪ್ರಯಾಣಿಕರಿಗೆಂದು ಕಾಫಿಗೆ ವಿಸ್ಕಿ ಬೆರೆಸಿ ಮೇಲೆ ಕೆನೆ ತೇಲಿಸಿದ್ದ. 1952ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬ್ಯುನಾ ವಿಸ್ಟಾ ಕೆಫೆಯ ಒಡೆಯ, ಒಬ್ಬ ಪತ್ರಕರ್ತನ ಜೊತೆ ಸೇರಿ ಅದನ್ನು ಅನುಕರಿಸಲು ಹೊರಟರೆ ಅವರ ಕೆನೆಯೂ ಮುಳುಗುತ್ತಲೇ ಇತ್ತು. ಕೊನೆಗೆ ಡೇರಿಯ ಮಾಲೀಕನೊಬ್ಬ ದಾರಿ ತೋರಿಸಿದ: ಕೆನೆಯನ್ನು 48 ಗಂಟೆ ಹಳೆಯದಾಗಲು ಬಿಟ್ಟು ಆಮೇಲೆ ನೊರೆಯೆಬ್ಬಿಸಿದರೆ ತೇಲುತ್ತದೆ. ಮುಂದೆ ಅವನು ಆ ಊರಿನ ಮೇಯರನೂ ಆದ. ಹಾಲು ಬಲ್ಲವರನ್ನು ಆ ಊರಿನವರು ಗುರುತಿಸುತ್ತಾರೆ ಎಂಬುದಷ್ಟೇ ನನಗೆ ಅದರಲ್ಲಿ ಹಿಡಿಸಿದ ಸಂಗತಿ.

ಇದನ್ನೆಲ್ಲ ಕೇಳಿಸಿಕೊಂಡು ನಾನು ದೇವರಾಜ ಮಾರುಕಟ್ಟೆಗೆ ಹೋದೆ. ನಾನು ಹೊರಟ ಮೇಲೆ ಯಜಮಾನರಿಗೆ ಜ್ಞಾನೋದಯವಾಗಿದೆ. 48 ಗಂಟೆ ಹಳೆಯ ಕೆನೆಯೇ? ಫ್ರಿಜ್ಜಿನಲ್ಲಿ ವಾರದ ಕೆನೆಯೇ ಇದೆಯಲ್ಲ!

ಅದು ನನ್ನ ಬೆಣ್ಣೆಯ ಬಟ್ಟಲು. ದಿನದಿನದ ಕೆನೆಗೆ ಚಮಚ ಮೊಸರು ಸೇರಿಸಿ ಕೂಡಿಟ್ಟದ್ದು. ಅವರು ಅದನ್ನು ಮಿಕ್ಸಿಗೆ ಹಾಕಿದರು. ತಣ್ಣಗಿರಲೆಂದು ಮಂಜುಗಡ್ಡೆ ಹಾಕಿದರು. ತೆಳ್ಳಗಾಗಲೆಂದು ತಣ್ಣೀರು, ಘಮಕ್ಕೆಂದು ಡಿಕಾಕ್ಷನ್, ಕಾರ್ಯಸಿದ್ಧಿಗೆಂದು ವಿಸ್ಕಿ. ನಂತರ ನಿಲ್ಲಿಸಿ ನಿಲ್ಲಿಸಿ ತಿರುಗಿಸಿದರು. ಡಿಕಾಕ್ಷನ್ ಮತ್ತು ವಿಸ್ಕಿಯನ್ನು ಬಿಟ್ಟರೆ ಬೆಣ್ಣೆ ತೆಗೆಯಲು ನಾನು ಮಾಡುವ ಕ್ರಮ ಇದೇ. ಬೆಣ್ಣೆ ಕೂಡುವ ಗಳಿಗೆಯಲ್ಲಿ ಮಿಕ್ಸಿಯ ಸದ್ದು ಬದಲಾಗುತ್ತದೆ. ಗಂಟಲಿಗೆ ಏನೋ ಸಿಕ್ಕಿಕೊಂಡ ಹಾಗೆ ದಪ್ಪಗಾಗಿ, ಆಮೇಲೆ ಚಳಕ್ ಚಳಕ್ ಎನ್ನುತ್ತದೆ. ಸೊಪ್ಪಿನ ಚೀಲ ಹಿಡಿದು ಗೇಟು ತೆಗೆಯುವಾಗಲೇ ಆ ಸದ್ದು ಕೇಳಿಸಿತು. ಒಳಗೆ ಬಂದು ನೋಡಿದರೆ ಇಬ್ಬರೂ ಮಿಕ್ಸಿಯ ಜಾರನ್ನು ಬಗ್ಗಿ ನೋಡುತ್ತಿದ್ದರು. ಮೇಲೆ ಕಾಫಿ ಬಣ್ಣದ ಬೆಣ್ಣೆಯ ಮುದ್ದೆ ತೇಲುತ್ತಿತ್ತು. “ತೇಲುತ್ತಿದೆ” ಎಂದರು ಯಜಮಾನರು.

ನೆಲಕ್ಕೆ ಬಿದ್ದ ಹಾಲಿಗೂ ಕ್ಷಮೆ ಕೇಳುವ ಮನೆ ನಮ್ಮದು. ಬೆಣ್ಣೆಯನ್ನು ಚೆಲ್ಲುವ ಪ್ರಶ್ನೆಯೇ ಇರಲಿಲ್ಲ. ಅತ್ತೆಯವರು ಮುದ್ದೆಯನ್ನು ತೆಗೆದು ನೀರಿನಲ್ಲಿ ತೊಳೆದು ಬಾಣಲೆಗೆ ಹಾಕಿದರು. ಮದ್ಯಸಾರ ನೀರಿಗೆ ಒಲಿಯುತ್ತದೆ, ಕೊಬ್ಬಿಗೆ ಅಷ್ಟಾಗಿ ಇಲ್ಲ. ಅಳಿದುಳಿದದ್ದೂ 78 ಡಿಗ್ರಿಗೆ ಕುದಿದು ಹೋಗುತ್ತದೆ. ತುಪ್ಪ ಕಾಯುವುದು ನೂರು ದಾಟಿದ ಮೇಲೆ. ಹಾಗಾಗಿ ಆ ಬೆಣ್ಣೆ ಬಹುಮಟ್ಟಿಗೆ ನಿರಪರಾಧಿ ಎಂದು ನಾನು ವಿವರಿಸುತ್ತಿದ್ದೆ. ವಿವರಿಸುತ್ತಿರುವಾಗಲೇ ಆ ಮಾತಿನ ಇನ್ನರ್ಧ ತಲೆಗೆ ಹೊಳೆದು ತಿರುಗಿ ನೋಡಿದೆ. ಬೆಣ್ಣೆಯಲ್ಲಿ ವಿಸ್ಕಿ ಇಲ್ಲವೆಂದರೆ ಅಷ್ಟೂ ಮಜ್ಜಿಗೆಯಲ್ಲಿ ಇದೆ.

ತಮ್ಮ ಜಾರನ್ನು ಬೋರಲು ಹಾಕಿ ಕೊನೆಯ ಹನಿಯನ್ನು ಲೋಟಕ್ಕೆ ಇಳಿಸುತ್ತಿದ್ದ. ಉಪ್ಪು ಹಾಕಿಕೊಂಡಿದ್ದ. ಇಂಗು ಮತ್ತು ಕರಿಬೇವನ್ನೂ ಹಾಕಿಕೊಂಡಿದ್ದ. “ಅಕ್ಕ, ಇಂಥ ಮಜ್ಜಿಗೆ ಡಬ್ಲಿನ್‌ನಲ್ಲಿ ಸಿಗುವುದಿಲ್ಲ” ಎಂದ. ಅದು ನಿಜ. ಮಧ್ಯಾಹ್ನ ಮಲಗಿದವನು ದೀಪ ಹಚ್ಚುವ ಹೊತ್ತಿಗೂ ಏಳಲಿಲ್ಲ.

ತುಪ್ಪ ಚಿನ್ನದ ಬಣ್ಣಕ್ಕಿಂತ ಒಂದು ಛಾಯೆ ಗಾಢವಾಗಿ ಬಂತು. ವೀಳ್ಯದೆಲೆ ಹಾಕಿ ಇಳಿಸಿದ್ದರೂ ಕಾಫಿಯ ಘಮ ಹೋಗಿರಲಿಲ್ಲ. ಇದನ್ನು ದೇವರ ದೀಪಕ್ಕೆ ಬಳಸಬಹುದೇ ಎಂಬ ಚರ್ಚೆ ಎದ್ದಿತು. ಯಜಮಾನರು ಆವಿಯ ವಾದವನ್ನು ಮುಂದಿಟ್ಟರು. ಅತ್ತೆಯವರು ಅದನ್ನು ಸುಲಭವಾಗಿ ಒಪ್ಪಿದರು: ಅಗ್ನಿ ಮುಟ್ಟಿದ ಮೇಲೆ ವಿಸ್ಕಿಯ ದೋಷವಿಲ್ಲ. ಆದರೆ ದೇವರಿಗೆ ಕಾಫಿ ರೂಢಿಯಿಲ್ಲ. ತುಪ್ಪ ದೋಸೆಗೆ ಹೋಯಿತು. ದೋಸೆಗೆ ಅದು ಚೆನ್ನಾಗಿತ್ತು ಎಂಬುದನ್ನು ನಾನು ತಮ್ಮನಿಗೆ ಹೇಳಿಲ್ಲ.

ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಉಳಿದ ಪೊಟ್ಟಣಗಳನ್ನು ನಾನೇ ಕೈಗೆತ್ತಿಕೊಂಡೆ. ಆರಿದ ಡಿಕಾಕ್ಷನ್ನಿನಲ್ಲಿ ಕೋಕೋ ಪುಡಿಯನ್ನು ಗಂಟಿಲ್ಲದಂತೆ ಕದಡಿ, ಮಿಲ್ಕ್‌ಮೇಡ್ ಸೇರಿಸಿ, ತಣ್ಣನೆಯ ಕೆನೆಯನ್ನು ಕಡೆಯದೆ ಹಾಗೆಯೇ ಬೆರೆಸಿ, ಕಟ್ಟಕಡೆಗೆ ವಿಸ್ಕಿಯನ್ನು ನೂಲಿನಂತೆ ಬಿಟ್ಟು ಕೈಯಿಂದಲೇ ತಿರುಗಿಸಿದೆ. ಸಕ್ಕರೆಯಲ್ಲಿ ಕುದಿದು ಗಟ್ಟಿಯಾದ ಹಾಲು ಸುಲಭಕ್ಕೆ ಒಡೆಯುವುದಿಲ್ಲ, ಕೆನೆಯನ್ನೂ ತನ್ನ ಜೊತೆಗೆ ಕಾಪಾಡುತ್ತದೆ. ಒಡೆಯಲಿಲ್ಲ, ತೇಲಲಿಲ್ಲ, ತೇಲಬೇಕೆಂಬ ಆಸೆಯೂ ನನಗಿರಲಿಲ್ಲ. ಒಂದು ಚಮಚ ಬಾಯಿಗೆ ಹಾಕಿಕೊಂಡೆ. ಚೆನ್ನಾಗಿತ್ತು. ಸಿಟ್ಟು ಬರುವಷ್ಟು ಚೆನ್ನಾಗಿತ್ತು. ಅಗ್ಗದ ವಿಸ್ಕಿಯ ಒರಟುತನ ಕೆನೆಯೊಳಗೆ ಮುದುರಿ ಕುಳಿತಿತ್ತು. ಇದನ್ನು ಕುಡಿಯುವವರಿಗೆ ತಾವು ಎಷ್ಟು ಕುಡಿದೆವೆಂದು ತಿಳಿಯಲಾರದು, ಇದರ ಅಪಾಯವೂ ಅದೇ. ಮರುದಿನ ಯಜಮಾನರಿಗೆ ಒಂದು ಪುಟ್ಟ ಲೋಟ ಕೊಟ್ಟೆ. ಕಣ್ಣು ಮುಚ್ಚಿ ಹೀರಿದರು. ಇದಕ್ಕೆ ಖಾರದ ಕಡಲೆಬೀಜ ಇದೆಯೇ ಎಂದು ಕೇಳಿದರು.

ತಮ್ಮ ಈಗ ಡಬ್ಲಿನ್‌ಗೆ ಮರಳಿದ್ದಾನೆ, ಸುಮ್ಮನಿಲ್ಲ. ಮೊನ್ನೆ ಫೋನು ಮಾಡಿ ಸ್ಕಾಟ್ಲೆಂಡಿನ ಅಥೋಲ್ ಬ್ರೋಸ್ ಎಂಬ ಪೇಯದ ಗುಣಗಾನ ಮಾಡಿದ. 1475ರಲ್ಲಿ ಅಥೋಲಿನ ಅರ್ಲ್ ಒಬ್ಬ ದಂಗೆಕೋರನ ಬಾವಿಗೆ ಅದನ್ನು ಸುರಿಸಿ, ಅವನು ಕುಡಿದು ಮೈಮರೆತಾಗ ಸೆರೆಹಿಡಿದನೆಂದು ಐತಿಹ್ಯವಂತೆ. ಓಟ್ಸ್ ನೆನೆಸಿ ಹಿಂಡಿದ ನೀರು, ಜೇನುತುಪ್ಪ, ವಿಸ್ಕಿ, ಬೇಕಿದ್ದರೆ ಮೇಲೆ ಕೆನೆ. ಸ್ಪೀಕರಿನಲ್ಲಿ ಕೇಳಿಸಿಕೊಳ್ಳುತ್ತಿದ್ದ ಅತ್ತೆಯವರು ಹೂ ಕಟ್ಟುವುದನ್ನು ನಿಲ್ಲಿಸಿದರು.

“ಗಂಜಿಯೇ? ಯಾರಿಗೆ ಜ್ವರ?”