ಸ್ಕಾಲರ್‌ಶಿಪ್‌ನಲ್ಲಿ ಸಿಗುವುದು ಬರೀ ವಿಡಿಯೊ ಅಲ್ಲ

ಫ್ರೀಕೋಡ್‌ಕ್ಯಾಂಪ್, ಎಂಡಿಎನ್‌ನಂಥ ಕಲಿಕೆಯ ಜಾಲತಾಣಗಳೆಲ್ಲ ಪುಕ್ಕಟೆ ಇರುವಾಗ ವೆಬ್ ಡೆವಲಪ್‌ಮೆಂಟ್ ಕಲಿಯಲು ಸ್ಕಾಲರ್‌ಶಿಪ್ ಯಾಕೆ ಬೇಕು ಎಂದು ಲೇಖನವೊಂದರಲ್ಲಿ ಅದರ ಲೇಖಕರು ಕೇಳಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. 2017ರಲ್ಲಿ ಗೂಗಲ್ ಭಾರತಕ್ಕೆ ಘೋಷಿಸಿದ 1.3 ಲಕ್ಷ ಸ್ಕಾಲರ್‌ಶಿಪ್‌ಗಳಲ್ಲಿ 30,000 ಆನ್‌ಲೈನ್ ಕೋರ್ಸು ನಡೆಸುವ ಉಡಾಸಿಟಿ ಕಂಪನಿಯವು. ಅಲ್ಲಿ ಮೊದಲ ಹಂತದಲ್ಲಿ ಕಲಿತು, ಆಯ್ದ ಕೆಲವರಿಗಷ್ಟೇ ಸಿಗುತ್ತಿದ್ದ ಎರಡನೇ ಹಂತಕ್ಕೂ, ಅಂದರೆ ನ್ಯಾನೊಡಿಗ್ರಿ ಎಂಬ ಪೂರ್ಣ ಕೋರ್ಸಿಗೂ ಹೋದವಳು ನಾನು. ಪಾಠದ ವಿಡಿಯೊಗಳಲ್ಲಿ ಹಲವು ಹೊರಗೂ ಉಚಿತವಾಗಿಯೇ ಸಿಗುತ್ತಿದ್ದವು. ನ್ಯಾನೊಡಿಗ್ರಿಯಲ್ಲಿ ನಿಜವಾಗಿ ಬೆಲೆಬಾಳುತ್ತಿದ್ದುದು ನಮ್ಮ ಕೋಡನ್ನು ಕೂತು ಓದಿ ತಪ್ಪು ತೋರಿಸುತ್ತಿದ್ದ ರಿವ್ಯೂವರ್.

ಮೊಬೈಲ್ ವೆಬ್ ಕೋರ್ಸಿನ ಪ್ರಾಜೆಕ್ಟ್, ರೆಸ್ಟೋರೆಂಟ್‌ಗಳ ಪಟ್ಟಿ ತೋರಿಸುವ ಒಂದು ಪುಟ. ಅದು ಸಣ್ಣ ಪರದೆಗೆ ಹೊಂದಬೇಕು, ಮೌಸ್ ಮುಟ್ಟದೆ ಕೀಬೋರ್ಡಿನಲ್ಲೇ ಓಡಾಡಲು ಬರಬೇಕು, ನೆಟ್‌ವರ್ಕ್ ಹೋದಾಗಲೂ ಸರ್ವಿಸ್ ವರ್ಕರ್ (ಬ್ರೌಸರ್‌ನಲ್ಲಿ ಹಿನ್ನೆಲೆಯಲ್ಲಿ ಓಡುವ ಸ್ಕ್ರಿಪ್ಟ್) ನೆರವಿನಿಂದ ತೆರೆಯಬೇಕು. ಒಬ್ಬರೇ ಕಲಿಯುವಾಗ ಪುಟ ಕಣ್ಣಿಗೆ ಚೆಂದ ಕಂಡರೆ ಕೆಲಸ ಮುಗಿಯಿತು ಅನ್ನಿಸಿಬಿಡುತ್ತದೆ. ಚಿತ್ರಕ್ಕೆ ಆಲ್ಟ್ ಪಠ್ಯ, ಅಂದರೆ ಚಿತ್ರದಲ್ಲೇನಿದೆ ಎಂದು ಹೇಳುವ ಬರಹ, ಇದೆಯೋ ಇಲ್ಲವೋ ಎಂಬುದನ್ನು ಪುಟ ಪರೀಕ್ಷಿಸುವ ಲೈಟ್‌ಹೌಸ್ ಎಂಬ ಸಾಧನ ಹೇಳುತ್ತದೆ. ಆ ಪಠ್ಯ ಕಣ್ಣು ಕಾಣದವರಿಗೆ ಉಪಯೋಗಕ್ಕೆ ಬರುತ್ತದೆಯೇ ಎಂದು ಹೇಳಲು ಮನುಷ್ಯರೇ ಬೇಕು.

ನಿಜವಾದ ತಕರಾರು ಬೇರೆಯೇ ಇದೆ. ಮೊದಲ ಹಂತ ಸೇರಿದ ಬಹುಪಾಲು ಜನರಿಗೆ ಆ ರಿವ್ಯೂ ಸಿಗಲೇ ಇಲ್ಲ. ನಮ್ಮ ಬಿಸಿಎ, ಡಿಪ್ಲೊಮಾ ಕಾಲೇಜುಗಳು ಲ್ಯಾಬ್ ರೆಕಾರ್ಡ್ ಬರೆಸುವ ಹೊತ್ತಿನಲ್ಲಿ ಅರ್ಧವನ್ನಾದರೂ ವಿದ್ಯಾರ್ಥಿಗಳ ಕೋಡ್ ಓದಲು ಕೊಡಲಿ. ಅದಕ್ಕೆ ಗೂಗಲ್‌ನ ಹಣವೇನೂ ಬೇಕಿಲ್ಲ.